ಕಡತ ನಮ್ಮದು, ಕೀಲಿಕೈ ಯಾರದು?

ಜರ್ಮನಿಯ ಉತ್ತರದ ತುದಿಯಲ್ಲಿ, ಡೆನ್ಮಾರ್ಕಿನ ಗಡಿಗೆ ಹೊಂದಿಕೊಂಡು ಶ್ಲೆಸ್ವಿಗ್-ಹೋಲ್‌ಸ್ಟೈನ್ ಎಂಬ ರಾಜ್ಯವಿದೆ. ಅದರ ಜನಸಂಖ್ಯೆ ಸುಮಾರು 30 ಲಕ್ಷ. ನಮ್ಮ ಮೈಸೂರು ಜಿಲ್ಲೆಯಲ್ಲಿ 2011ರ ಜನಗಣತಿ ಕಂಡಷ್ಟು ಜನ. ಆ ರಾಜ್ಯದ ಸರ್ಕಾರ 2024ರ ಏಪ್ರಿಲ್‌ನಲ್ಲಿ ಒಂದು ತೀರ್ಮಾನವನ್ನು ಪ್ರಕಟಿಸಿತು. ತನ್ನ ಕಚೇರಿಗಳ ಸುಮಾರು 30 ಸಾವಿರ ಗಣಕಗಳಲ್ಲಿ ಮೈಕ್ರೋಸಾಫ್ಟ್ ಆಫೀಸ್ ಬದಲಿಗೆ ಲಿಬ್ರೆ ಆಫೀಸ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುವುದು, ಮುಂದೆ ವಿಂಡೋಸ್ ಜಾಗಕ್ಕೆ ಲಿನಕ್ಸ್ ತರುವುದು ಆ ತೀರ್ಮಾನದ ತಿರುಳು. 2025ರ ಅಕ್ಟೋಬರ್ ವೇಳೆಗೆ ಅಲ್ಲಿನ 40 ಸಾವಿರಕ್ಕೂ ಹೆಚ್ಚು ಇ-ಮೇಲ್ ಖಾತೆಗಳು ಮುಕ್ತ ತಂತ್ರಾಂಶಕ್ಕೆ ವರ್ಗವಾದವು. ಅದೇ ಡಿಸೆಂಬರ್‌ನಲ್ಲಿ ಆ ಸರ್ಕಾರ ನೀಡಿದ ಲೆಕ್ಕದ ಪ್ರಕಾರ, ತೆರಿಗೆ ಇಲಾಖೆಯನ್ನು ಬಿಟ್ಟು ಉಳಿದೆಡೆ ಶೇ 80ರಷ್ಟು ಮೇಜುಗಳಲ್ಲಿ ಬದಲಾವಣೆ ಮುಗಿದಿತ್ತು. ಪರವಾನಗಿ ಶುಲ್ಕದಲ್ಲಿ ಆಗುವ ಉಳಿತಾಯ ಒಂದೂವರೆ ಕೋಟಿ ಯೂರೋ. ಅದಕ್ಕೆ ಎದುರಾಗಿ 2026ರಲ್ಲಿ ಒಂದು ಬಾರಿ ಹೂಡಬೇಕಾದ ಹಣ 90 ಲಕ್ಷ ಯೂರೋ.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ಯಾರೂ ಭಾವಿಸಬೇಕಾಗಿಲ್ಲ. ಇ-ಮೇಲ್ ವರ್ಗಾವಣೆಯ ದಿನಗಳಲ್ಲಿ ನ್ಯಾಯಾಲಯಗಳಿಂದ ದೂರುಗಳು ಬಂದವು. ಡಿಜಿಟಲ್ ವ್ಯವಹಾರಗಳ ಸಚಿವ ಡಿರ್ಕ್ ಶ್ರೋಡ್ಟರ್ ನೌಕರರಿಗೆ ಪತ್ರ ಬರೆದು ತೊಂದರೆಗಳನ್ನು ಒಪ್ಪಿಕೊಳ್ಳಬೇಕಾಯಿತು. ಆದರೂ ಸರ್ಕಾರ ಹಿಂದೆ ಸರಿಯಲಿಲ್ಲ. ಡೆನ್ಮಾರ್ಕಿನ ಡಿಜಿಟಲ್ ಸಚಿವಾಲಯ, ಫ್ರಾನ್ಸಿನ ಲಿಯಾನ್ ನಗರಾಡಳಿತಗಳೂ 2025ರಲ್ಲಿ ಇದೇ ದಾರಿ ಹಿಡಿಯುವುದಾಗಿ ಸಾರಿದವು.

ದೂರದ ಯುರೋಪಿನ ಕಚೇರಿಯೊಂದರಲ್ಲಿ ಯಾವ ತಂತ್ರಾಂಶದಲ್ಲಿ ಪತ್ರ ಬರೆಯುತ್ತಾರೆ ಎಂಬುದನ್ನು ಬೆಂಗಳೂರಿನ ಓದುಗ ಏಕೆ ತಲೆಗೆ ಹಚ್ಚಿಕೊಳ್ಳಬೇಕು? ಪ್ರಶ್ನೆ ಸಹಜವಾದದ್ದೇ. ನಾನು ತಂತ್ರಜ್ಞನಲ್ಲ; ಬರವಣಿಗೆ ಮತ್ತು ಸಂಪಾದನೆಯ ಕೆಲಸಕ್ಕಾಗಿ ಇಪ್ಪತ್ತೈದು ವರ್ಷಗಳಿಂದ ಗಣಕವನ್ನು ಬಳಸುತ್ತಿರುವವನು, ಅದರಲ್ಲಿ ಕಳೆದ ಹತ್ತು ವರ್ಷ ಲಿಬ್ರೆ ಆಫೀಸಿನಲ್ಲೇ ದುಡಿದವನು. ಈ ಅನುಭವದಿಂದ ನನಗೆ ಮನದಟ್ಟಾಗಿರುವುದಿಷ್ಟು: ಇದು ಹಣ ಉಳಿಸುವ ಪ್ರಶ್ನೆಗಿಂತ ಹೆಚ್ಚಾಗಿ, ನಾವು ಬರೆದಿಟ್ಟದ್ದರ ಒಡೆತನದ ಪ್ರಶ್ನೆ. ಕನ್ನಡಿಗರಿಗಂತೂ ಇದು ಪರರ ಕಥೆಯಲ್ಲ. ನಾವು ಒಮ್ಮೆ ಬೆಲೆ ತೆತ್ತು ಕಲಿತ, ಕಲಿತೂ ಮರೆಯುತ್ತಿರುವ ಪಾಠ.

ಉಚಿತವೆಂಬುದು ಇಲ್ಲಿ ವಾದವಲ್ಲ

ಮುಕ್ತ ತಂತ್ರಾಂಶದ ಪರವಾಗಿ ಮಾತನಾಡುವವರು ಮೊದಲು ಹೇಳುವುದು ಅದು ಪುಕ್ಕಟೆ ಎಂಬ ಮಾತನ್ನು. ಯುರೋಪಿನಲ್ಲಿ ಈ ವಾದಕ್ಕೆ ತೂಕವಿರಬಹುದು. ನಮ್ಮಲ್ಲಿ ಅದು ಎಂದೂ ನಾಟಿದ್ದಿಲ್ಲ. ಕಾರಣ, ಭಾರತದ ಮಧ್ಯಮವರ್ಗಕ್ಕೆ ಆಫೀಸ್ ತಂತ್ರಾಂಶದ ಬೆಲೆ ಬಹುಕಾಲ ಸೊನ್ನೆಯೇ ಆಗಿತ್ತು. ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಗಣಕವಿರಲಿ, ಬಡಾವಣೆಯ ಟೈಪಿಂಗ್ ಕೇಂದ್ರದ ಗಣಕವಿರಲಿ, ಅದರೊಳಗೆ ವರ್ಡ್, ಎಕ್ಸೆಲ್‌ಗಳು ತಾವಾಗಿಯೇ ಬಂದು ಕೂತಿರುತ್ತಿದ್ದವು. ಪರವಾನಗಿ ಎಲ್ಲಿದೆ ಎಂದು ಕೇಳಿದವರು ವಿರಳ. ಕಳ್ಳಪ್ರತಿಯೂ ಪುಕ್ಕಟೆ, ಮುಕ್ತ ತಂತ್ರಾಂಶವೂ ಪುಕ್ಕಟೆ ಎಂದಾದಾಗ ಜನ ಪರಿಚಿತವಾದದ್ದನ್ನೇ ಆರಿಸಿಕೊಳ್ಳುತ್ತಾರೆ.

ಈ ಕಳ್ಳಪ್ರತಿಗಳಿಂದ ಬಹುರಾಷ್ಟ್ರೀಯ ಕಂಪೆನಿಗಳಿಗೆ ನಷ್ಟವಾಯಿತೆಂಬುದು ಅರ್ಧಸತ್ಯ. ಒಂದು ಇಡೀ ಪೀಳಿಗೆ ಅವುಗಳ ಮೇಲೆಯೇ ಬೆರಳು ಪಳಗಿಸಿಕೊಂಡಿತು. ಆ ಪೀಳಿಗೆ ಕಚೇರಿ, ಬ್ಯಾಂಕು, ಕಾಲೇಜುಗಳಲ್ಲಿ ಅಧಿಕಾರದ ಸ್ಥಾನಕ್ಕೆ ಬಂದಾಗ ಅದೇ ತಂತ್ರಾಂಶಕ್ಕೆ ಹಣ ಕೊಟ್ಟು ಆದೇಶ ಬರೆಯಿತು. ‘ಕಂಪ್ಯೂಟರ್ ಜ್ಞಾನ’ ಎಂದರೆ ಒಂದು ಕಂಪೆನಿಯ ಮೂರು ಸರಕುಗಳ ಪರಿಚಯ ಎಂಬ ಅರ್ಥ ನೌಕರಿಯ ಜಾಹೀರಾತುಗಳಲ್ಲಿ ಇಂದಿಗೂ ಉಳಿದಿದೆ.

ಆದ್ದರಿಂದ ‘ಮುಕ್ತ’ ಎಂಬ ಪದದ ನಿಜವಾದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ತಂತ್ರಾಂಶವನ್ನು ರೂಪಿಸಿದ ಮೂಲ ಸಂಕೇತಗಳು ಎಲ್ಲರಿಗೂ ತೆರೆದಿರಬೇಕು. ಅದನ್ನು ಓದಲು, ತಿದ್ದಲು, ಹಂಚಲು ಎಲ್ಲರಿಗೂ ಹಕ್ಕಿರಬೇಕು. ಇದು ಅದರ ಲಕ್ಷಣ. ಲಿಬ್ರೆ ಆಫೀಸಿನ ಚರಿತ್ರೆಯೇ ಈ ಹಕ್ಕಿನ ಮಹತ್ವಕ್ಕೆ ಸಾಕ್ಷಿ. ಅದರ ಪೂರ್ವಜ ಸ್ಟಾರ್ ಆಫೀಸ್ ಜರ್ಮನಿಯ ಲ್ಯೂನೆಬರ್ಗ್‌ನಲ್ಲಿ ಮಾರ್ಕೋ ಬ್ಯೋರಿಸ್ ಎಂಬ ಹದಿಹರೆಯದ ಹುಡುಗ 1985ರಲ್ಲಿ ಕಟ್ಟಿದ ಪುಟ್ಟ ಕಂಪೆನಿಯ ಕೂಸು. 1999ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಆ ಕಂಪೆನಿಯನ್ನು ಕೊಂಡಿತು. ತನ್ನ 42 ಸಾವಿರ ನೌಕರರಿಗೆ ಮೈಕ್ರೋಸಾಫ್ಟಿನ ಪರವಾನಗಿ ಕೊಳ್ಳುವುದಕ್ಕಿಂತ ಒಂದು ಕಂಪೆನಿಯನ್ನೇ ಕೊಳ್ಳುವುದು ಅಗ್ಗವಾಗಿತ್ತು ಎಂದು ಸನ್‌ನಲ್ಲಿದ್ದ ಸೈಮನ್ ಫಿಪ್ಸ್ ಮುಂದೊಮ್ಮೆ ವಿವರಿಸಿದ್ದುಂಟು. 2000ದಲ್ಲಿ ಸನ್ ಅದರ ಮೂಲ ಸಂಕೇತಗಳನ್ನು ತೆರೆದಿಟ್ಟಿತು. ಓಪನ್ ಆಫೀಸ್ ಹುಟ್ಟಿತು. 2010ರಲ್ಲಿ ಸನ್ ಸಂಸ್ಥೆಯೇ ಒರಾಕಲ್ ಪಾಲಾದಾಗ, ಹೊಸ ಒಡೆಯನ ಮೇಲೆ ಭರವಸೆ ಸಾಲದ ತಂತ್ರಜ್ಞರು ಅದೇ ಸೆಪ್ಟೆಂಬರಿನಲ್ಲಿ ಮೂಲ ಸಂಕೇತದ ಪ್ರತಿಯೊಂದಿಗೆ ಹೊರನಡೆದು ಲಿಬ್ರೆ ಆಫೀಸ್ ಆರಂಭಿಸಿದರು. ಮಾಲೀಕ ಬದಲಾದರೂ ತಂತ್ರಾಂಶ ಸಾಯಲಿಲ್ಲ. ಮುಚ್ಚಿದ ತಂತ್ರಾಂಶದ ವಿಷಯದಲ್ಲಿ ಹೀಗಾಗುವುದು ಸಾಧ್ಯವೇ ಇಲ್ಲ.

ಬಾಗಿಲು ಮುಚ್ಚಿದಾಗ

ಒಂದು ಕಾಲಕ್ಕೆ ತಂತ್ರಾಂಶವನ್ನು ಡಬ್ಬಿಯಲ್ಲಿ ಕೊಳ್ಳುತ್ತಿದ್ದೆವು. ಒಮ್ಮೆ ಕೊಂಡರೆ ಗಣಕ ಕೆಡುವವರೆಗೆ ಅದು ನಮ್ಮದು. ಈಗಲೂ ಹಾಗೆ ಕೊಳ್ಳುವ ಆವೃತ್ತಿಗಳಿವೆ; ಆದರೆ ಕಂಪೆನಿಗಳ ಒತ್ತೆಲ್ಲ ತಿಂಗಳ, ವರ್ಷದ ಬಾಡಿಗೆಯ ಕಡೆಗೆ. ಕಡತಗಳೂ ನಮ್ಮ ಮೇಜಿನ ಮೇಲಿನ ಯಂತ್ರದಿಂದ ದೂರದ ದತ್ತಾಂಶ ಕೇಂದ್ರಗಳಿಗೆ ಸಾಗಿವೆ. ಸ್ವಂತ ಮನೆಯಲ್ಲಿದ್ದವರು ಬಾಡಿಗೆ ಮನೆಗೆ ಹೋದಂತೆ. ಬಾಡಿಗೆ ಸಕಾಲಕ್ಕೆ ಕಟ್ಟಿದರೂ ಮಾಲೀಕ ಬೀಗ ಬದಲಾಯಿಸಿದರೆ ಏನು ಗತಿ?

ಇದು ಬರಿಯ ಕಲ್ಪನೆಯಲ್ಲ. 2025ರ ಜುಲೈನಲ್ಲಿ ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣಾಗಾರ ನಡೆಸುವ ನಯಾರಾ ಎನರ್ಜಿ ಸಂಸ್ಥೆಗೆ ಇದೇ ಅನುಭವವಾಯಿತು. ರಷ್ಯಾದ ರೋಸ್‌ನೆಫ್ಟ್ ಅದರಲ್ಲಿ ಪಾಲುದಾರ ಎಂಬ ಕಾರಣಕ್ಕೆ ಯುರೋಪಿಯನ್ ಒಕ್ಕೂಟ ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ಸೇವೆಗಳನ್ನು ತಡೆಹಿಡಿಯಿತು. ಭಾರತದ ನೆಲದಲ್ಲಿ, ಭಾರತದ ಕಾನೂನಿನಡಿ ನಡೆಯುವ, ಪೂರ್ತಿ ಶುಲ್ಕ ತೆತ್ತಿದ್ದೇನೆ ಎನ್ನುವ ಸಂಸ್ಥೆಯೊಂದು ತನ್ನ ಪತ್ರವ್ಯವಹಾರವನ್ನೇ ತೆರೆಯಲಾಗದೆ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. ತಿಂಗಳು ಮುಗಿಯುವ ಮೊದಲು ಸೇವೆ ಮರಳಿ ಬಂತು. ಆದರೆ ಬಾಗಿಲು ಎಲ್ಲಿಂದ ಮುಚ್ಚಬಹುದು ಎಂಬುದು ಆ ಕೆಲವು ದಿನಗಳಲ್ಲಿ ಎಲ್ಲರಿಗೂ ತಿಳಿದುಹೋಯಿತು.

ಅದೇ ವರ್ಷದ ಮೇ ತಿಂಗಳಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಪ್ರಧಾನ ಪ್ರಾಸಿಕ್ಯೂಟರ್ ಕರೀಂ ಖಾನ್ ಅವರು ಅಮೆರಿಕದ ನಿರ್ಬಂಧದ ಬಳಿಕ ತಮ್ಮ ಮೈಕ್ರೋಸಾಫ್ಟ್ ಇ-ಮೇಲ್ ಕಳೆದುಕೊಂಡರೆಂದು ವರದಿಯಾಯಿತು. ನ್ಯಾಯಾಲಯಕ್ಕೆ ನೀಡುವ ಸೇವೆಯನ್ನು ತಾನು ನಿಲ್ಲಿಸಿಲ್ಲವೆಂದು ಕಂಪೆನಿ ಹೇಳಿತು. ಹಾಗಿದ್ದರೂ ವರ್ಷಾಂತ್ಯದೊಳಗೆ ನ್ಯಾಯಾಲಯವು ಜರ್ಮನಿಯ ಮುಕ್ತ ತಂತ್ರಾಂಶ ವ್ಯವಸ್ಥೆಯಾದ ಓಪನ್‌ಡೆಸ್ಕ್ ಕಡೆಗೆ ಹೊರಳಲು ನಿರ್ಧರಿಸಿತು. ಈ ಪ್ರಸಂಗಗಳಲ್ಲಿ ಯಾರದು ಸರಿ, ಯಾರದು ತಪ್ಪು ಎಂಬುದು ಬೇರೆಯೇ ಚರ್ಚೆ. ಕಂಪೆನಿ ತನ್ನ ಮೇಲೆ ಅಧಿಕಾರವಿರುವ ಸರ್ಕಾರಗಳ ಕಾನೂನನ್ನು ಪಾಲಿಸಿತು, ಅಷ್ಟೆ. ಸಮಸ್ಯೆ ಇರುವುದೂ ಅಲ್ಲಿಯೇ: ಆ ಕಾನೂನು ಮಾಡುವವರನ್ನು ನಾವು ಚುನಾಯಿಸುವುದಿಲ್ಲ.

ಮ್ಯೂನಿಕ್ ಕಲಿಸಿದ್ದು

ಹಾಗಾದರೆ ನಾಳೆಯೇ ಎಲ್ಲ ಕಚೇರಿಗಳೂ ಬದಲಾಗಲಿ ಎನ್ನೋಣವೇ? ಆತುರಪಡುವವರು ಮ್ಯೂನಿಕ್ ನಗರದ ಕಥೆಯನ್ನು ಓದಬೇಕು. ಆ ನಗರದ ಆಡಳಿತ 2003ರಲ್ಲಿ ಲಿನಕ್ಸ್‌ಗೆ ಹೋಗಲು ತೀರ್ಮಾನಿಸಿದಾಗ ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಮರ್ ತಮ್ಮ ರಜೆಯ ನಡುವೆಯೇ ಎದ್ದು ಬಂದು ಮೇಯರ್ ಕ್ರಿಸ್ಟಿಯಾನ್ ಊಡೆ ಅವರನ್ನು ಕಂಡರು. ಮೇಯರ್ ಮಣಿಯಲಿಲ್ಲ. ಹತ್ತು ವರ್ಷ ಶ್ರಮಿಸಿ, 2013ರ ವೇಳೆಗೆ 15 ಸಾವಿರದಷ್ಟು ಗಣಕಗಳನ್ನು ಬದಲಾಯಿಸಿದರು. ಮರುವರ್ಷ ಹೊಸ ಮೇಯರ್ ಬಂದರು. ನೌಕರರ ದೂರುಗಳು ಮುನ್ನೆಲೆಗೆ ಬಂದವು. 2017ರಲ್ಲಿ ನಗರಸಭೆ ವಿಂಡೋಸ್‌ಗೆ ಮರಳಲು ಮತ ಹಾಕಿತು.

ಮುಕ್ತ ತಂತ್ರಾಂಶ ಸೋತಿತು ಎಂಬುದಕ್ಕೆ ಈ ಪ್ರಸಂಗವನ್ನು ಇಂದಿಗೂ ಉದಾಹರಿಸುತ್ತಾರೆ. ಆದರೆ ನಗರಾಡಳಿತವೇ ನೇಮಿಸಿದ್ದ ಸಲಹಾ ಸಂಸ್ಥೆಗಳ ವರದಿ ಬೊಟ್ಟು ಮಾಡಿದ್ದು ಬಹುಮಟ್ಟಿಗೆ ಆಡಳಿತದ ಒಳಗಿನ ಗೊಂದಲಗಳತ್ತ: ಇಲಾಖೆಗೊಂದು ತಾಂತ್ರಿಕ ವಿಭಾಗ, ಯಾರು ಯಾರಿಗೆ ಉತ್ತರದಾಯಿ ಎಂಬುದೇ ಅಸ್ಪಷ್ಟ. 2020ರಲ್ಲಿ ಅಧಿಕಾರ ಹಿಡಿದ ಮೈತ್ರಿಕೂಟ ಮತ್ತೆ ಮುಕ್ತ ತಂತ್ರಾಂಶಕ್ಕೇ ಆದ್ಯತೆ ಎಂದಿತು. ತಂತ್ರಾಂಶದ ಆಯ್ಕೆ ರಾಜಕೀಯ ಋತುಮಾನಕ್ಕೆ ತಕ್ಕಂತೆ ಬದಲಾದರೆ ಯಾವ ತಂತ್ರಾಂಶವೂ ಬೇರು ಬಿಡದು.

ಇದಕ್ಕೆ ಹೋಲಿಸಿದರೆ ಫ್ರಾನ್ಸಿನ ಜಾಂಡಾರ್ಮರಿ ಪೊಲೀಸ್ ಪಡೆ ಸದ್ದಿಲ್ಲದೆ ಗೆದ್ದಿತು. ಅವರು ಮೊದಲು ಮುಟ್ಟಿದ್ದು ಗಣಕದ ಬುನಾದಿಯನ್ನಲ್ಲ. 2005ರ ಸುಮಾರಿಗೆ ವಿಂಡೋಸ್ ಇದ್ದಂತೆಯೇ ಅದರ ಮೇಲೆ ಓಪನ್ ಆಫೀಸ್ ಹಾಕಿದರು. ಬಳಿಕ ಫೈರ್‌ಫಾಕ್ಸ್, ಥಂಡರ್‌ಬರ್ಡ್. ನಿತ್ಯ ಬಳಸುವ ಸಾಧನಗಳೆಲ್ಲ ಕೈಗೆ ಪಳಗಿದ ಮೇಲೆ, 2008ರಿಂದ ಲಿನಕ್ಸ್. ಶ್ಲೆಸ್ವಿಗ್-ಹೋಲ್‌ಸ್ಟೈನ್ ಅನುಸರಿಸುತ್ತಿರುವುದೂ ಇದೇ ಕ್ರಮವನ್ನು: ಮೊದಲು ಕಡತ, ಆಮೇಲೆ ಯಂತ್ರ.

ಅಕ್ಷರಗಳ ಸೆರೆಮನೆ

ಈ ‘ಮೊದಲು ಕಡತ’ ಎಂಬ ಮಾತಿನಲ್ಲಿಯೇ ಇಡೀ ವಿಷಯದ ಮರ್ಮವಿದೆ. ನಾವು ಬರೆದ ಪತ್ರ ಗಣಕದೊಳಗೆ ಯಾವುದೋ ಒಂದು ವಿನ್ಯಾಸದಲ್ಲಿ ಉಳಿಯುತ್ತದೆ. ಆ ವಿನ್ಯಾಸದ ವಿವರ ಬಹಿರಂಗವಾಗಿದ್ದರೆ ಯಾವ ತಂತ್ರಾಂಶ ಬೇಕಾದರೂ, ಐವತ್ತು ವರ್ಷಗಳ ನಂತರವೂ, ಅದನ್ನು ತೆರೆಯಬಲ್ಲದು. ಅದು ಒಂದು ಕಂಪೆನಿಯ ಗುಟ್ಟಾಗಿದ್ದರೆ ನಮ್ಮ ಪತ್ರ ಓದಲು ಆ ಕಂಪೆನಿಯ ಅನುಗ್ರಹ ಬೇಕು. ಇದಕ್ಕೆಂದೇ ಓಪನ್ ಡಾಕ್ಯುಮೆಂಟ್ ಎಂಬ ಮುಕ್ತ ವಿನ್ಯಾಸ 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಲಿಬ್ರೆ ಆಫೀಸಿನ ಸಹಜ ವಿನ್ಯಾಸ ಅದೇ. ಮೈಕ್ರೋಸಾಫ್ಟ್ ತನ್ನ ವಿನ್ಯಾಸಕ್ಕೂ ಮಾನಕದ ಮನ್ನಣೆ ಕೇಳಿದಾಗ ಭಾರತದ ಮಾನಕ ಬ್ಯೂರೊ 2007ರಲ್ಲಿ ವಿರುದ್ಧ ಮತ ಹಾಕಿತು. 2008ರಲ್ಲಿಯೂ ನಿಲುವು ಬದಲಿಸಲಿಲ್ಲ. ಬಹುಮತ ಆ ಕಡೆ ಹೋಗಿ ಮನ್ನಣೆ ದೊರೆತಾಗ ದಕ್ಷಿಣ ಆಫ್ರಿಕ, ಬ್ರೆಜಿಲ್, ವೆನೆಜುವೆಲಾಗಳ ಜೊತೆ ಸೇರಿ ಮೇಲ್ಮನವಿಯನ್ನೂ ಸಲ್ಲಿಸಿತು. ಮೇಲ್ಮನವಿ ತಿರಸ್ಕೃತವಾಯಿತು. ಆದರೆ ನಮ್ಮ ದೇಶ ಆಗ ತಳೆದ ನಿಲುವು ಹೆಮ್ಮೆಪಡುವಂಥದು. 2010ರಲ್ಲಿ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿ, 2015ರಲ್ಲಿ ಸರ್ಕಾರಿ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿ ಕೇಂದ್ರದಿಂದ ಬಂದವು. ಕಾಗದದ ಮೇಲೆ ನಾವು ಯಾರಿಗೂ ಕಡಿಮೆಯಿಲ್ಲ.

ಕಡತ ಸೆರೆಯಾಗುವುದೆಂದರೆ ಏನೆಂದು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಕನ್ನಡ ಲಿಪಿಗೆ ಯೂನಿಕೋಡ್‌ನಲ್ಲಿ 1991ರಲ್ಲೇ ಸ್ಥಾನ ಸಿಕ್ಕಿದ್ದರೂ ಗಣಕಗಳು ಅದನ್ನು ಅರಗಿಸಿಕೊಳ್ಳಲು ದಶಕವೇ ಹಿಡಿಯಿತು. ಆ ನಡುವಿನ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ ಫಾಂಟುಗಳು ನಮ್ಮ ಕೈಹಿಡಿದವು. ಅವನ್ನು ರೂಪಿಸಿದವರ ಉಪಕಾರ ದೊಡ್ಡದು. ಆ ಹೊತ್ತಿಗೆ ಬೇರೆ ದಾರಿಯಿರಲಿಲ್ಲ. ಆದರೆ ಒಬ್ಬೊಬ್ಬರದೂ ಒಂದೊಂದು ಬಗೆಯ ಜೋಡಣೆ. ಪರದೆಯ ಮೇಲೆ ಕಾಣುವುದು ಕನ್ನಡ, ಕಡತದ ಒಳಗಿರುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಆ ಫಾಂಟು ಇಲ್ಲವಾದರೆ ಕನ್ನಡವೂ ಇಲ್ಲ.

2002ರಲ್ಲಿ ನಮ್ಮೂರಿನ ಹಿರಿಯರೊಬ್ಬರ ಲೇಖನಗಳನ್ನು ಗೆಳೆಯರೆಲ್ಲ ಸೇರಿ ಪುಸ್ತಕವಾಗಿ ಅಚ್ಚು ಹಾಕಿಸಿದೆವು. 2019ರಲ್ಲಿ ಎರಡನೆಯ ಮುದ್ರಣದ ಯೋಚನೆ ಬಂತು. ಅಕ್ಷರಜೋಡಣೆ ಮಾಡಿದ್ದ ಡಿಟಿಪಿ ಕೇಂದ್ರ ಎಂದೋ ಮುಚ್ಚಿತ್ತು. ಅವರು ಕೊಟ್ಟಿದ್ದ ಸಿ.ಡಿ. ನನ್ನ ಬಳಿ ಭದ್ರವಾಗಿತ್ತು. ಅದು ಸಲೀಸಾಗಿ ತೆರೆಯಿತು ಕೂಡ. ಒಳಗೆ ಮುನ್ನೂರು ಪುಟಗಳ ಚಿಹ್ನೆಗಳ ಸಂತೆ! ಆ ಫಾಂಟನ್ನು ಮಾರುತ್ತಿದ್ದವರು ವ್ಯವಹಾರ ನಿಲ್ಲಿಸಿದ್ದರು. ಕೊನೆಗೆ ನೆರವಾದದ್ದು ಕನ್ನಡದ ಉತ್ಸಾಹಿಗಳು ಬಿಡುವಿನ ವೇಳೆಯಲ್ಲಿ ಬರೆದು ಎಲ್ಲರಿಗೂ ತೆರೆದಿಟ್ಟ ಪರಿವರ್ತಕ ತಂತ್ರಾಂಶಗಳು. ನಮ್ಮ ಫಾಂಟಿನ ಜೋಡಣೆಗೆ ತಕ್ಕಂತೆ ಒಂದನ್ನು ತಿದ್ದಲು ಪರಿಚಿತ ಇಂಜಿನಿಯರ್ ಒಬ್ಬರಿಗೆ ಸಾಧ್ಯವಾದದ್ದು ಅದರ ಮೂಲ ಸಂಕೇತ ತೆರೆದಿದ್ದುದರಿಂದಲೇ. ಆ ಮೇಲೂ ಅರ್ಕಾವತ್ತುಗಳು ಸ್ಥಳ ತಪ್ಪಿದ್ದವು. ಅನುಸ್ವಾರವಿರಬೇಕಾದಲ್ಲಿ ಕನ್ನಡ ಅಂಕಿಯ ಸೊನ್ನೆ ಕೂತಿತ್ತು. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಸಿಗವು. ಕರಡು ತಿದ್ದಲು ಮೂರು ತಿಂಗಳು ಹಿಡಿಯಿತು.

ಇದು ಒಂದು ಪುಸ್ತಕದ ಪಾಡು. ಅದೇ ಕಾಲದ ಸರ್ಕಾರಿ ಸುತ್ತೋಲೆಗಳು, ಗ್ರಾಮ ಪಂಚಾಯಿತಿಯ ನಡಾವಳಿಗಳು, ಸಂಶೋಧನ ಪ್ರಬಂಧಗಳು ಎಷ್ಟಿರಬಹುದು? ಯೂನಿಕೋಡ್ ಬಳಸಬೇಕೆಂಬ ಆದೇಶಗಳು ಬಂದ ನಂತರವೂ ಹಳೆಯ ಫಾಂಟುಗಳ ಕಡತಗಳು ಕಚೇರಿಗಳಿಂದ ಹೊರಬರುವುದು ನಿಂತಿಲ್ಲ. ಅಂಧ ಓದುಗರಿಗೆ ಎನ್‌ವಿಡಿಎ ಎಂಬ ಮುಕ್ತ ತಂತ್ರಾಂಶ ಪರದೆಯ ಮೇಲಿನ ಪಠ್ಯವನ್ನು ಓದಿ ಹೇಳುತ್ತದೆ. ಯೂನಿಕೋಡ್ ಕನ್ನಡವನ್ನು ಅದು ಓದಬಲ್ಲದು. ಹಳೆಯ ಫಾಂಟಿನ ಸರ್ಕಾರಿ ಆದೇಶವನ್ನು ತೆರೆದರೆ ಅದು ಉಚ್ಚರಿಸುವುದು ಬರಿಯ ಅಸಂಬದ್ಧ ಸದ್ದು. ಪಿಂಚಣಿಯ ಆದೇಶ ಕಣ್ಣಿದ್ದವರಿಗೆ ಕನ್ನಡದಲ್ಲಿದೆ. ಇಲ್ಲದವರಿಗೆ ಯಾವ ಭಾಷೆಯಲ್ಲೂ ಇಲ್ಲ. ಕಡತದ ವಿನ್ಯಾಸ ತಂತ್ರಜ್ಞರಿಗಷ್ಟೇ ಬಿಟ್ಟ ವಿಷಯವಲ್ಲ ಎನ್ನಲು ಇದಕ್ಕಿಂತ ಬೇರೆ ಕಾರಣ ಬೇಕೆ?

ನೆರೆಯ ಕೇರಳ

ನಮ್ಮಿಂದ ಆಗದು ಎನ್ನುವವರು ಜರ್ಮನಿಯವರೆಗೆ ಹೋಗಬೇಕಾಗಿಲ್ಲ. ತಲಪಾಡಿಯ ಗಡಿ ದಾಟಿದರೆ ಸಾಕು. ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಕೆಲವೇ ವರ್ಷಗಳಲ್ಲಿ ಮುಕ್ತ ತಂತ್ರಾಂಶದ ದಾರಿ ಹಿಡಿಯಿತು. ಇಂದು ‘ಕೈಟ್’ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಆ ಸಂಸ್ಥೆ ಲಿನಕ್ಸನ್ನು ಶಾಲೆಗಳಿಗೆ ತಕ್ಕಂತೆ ತಾನೇ ರೂಪಿಸಿ, ಮಲಯಾಳವನ್ನೂ ಕಚೇರಿ ತಂತ್ರಾಂಶವನ್ನೂ ಗಣಿತ, ವಿಜ್ಞಾನದ ಸಾಧನಗಳನ್ನೂ ಸೇರಿಸಿ ಕೊಡುತ್ತದೆ. 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳಿಗೆ ಹೊಸ ಆವೃತ್ತಿ ಹಾಕುವಾಗ 3,000 ಕೋಟಿ ರೂಪಾಯಿ ಉಳಿಯಿತೆಂದು ಕೇರಳ ಲೆಕ್ಕ ಹೇಳಿತು. ಉಳಿತಾಯಕ್ಕಿಂತ ಮಿಗಿಲಾದುದು ಇನ್ನೊಂದಿದೆ. ಅಲ್ಲಿ ತರಬೇತಿ ನೀಡುವವರು ಶಿಕ್ಷಕರೇ. ಯಂತ್ರ ಕೆಟ್ಟರೆ ಏನಾಗಿದೆಯೆಂದು ಒಳಗೆ ಇಣುಕಿ ನೋಡುವ ಧೈರ್ಯವನ್ನು ಅವರು ಪಡೆದರು.

ಕರ್ನಾಟಕ ಪ್ರಯತ್ನವನ್ನೇ ಮಾಡಲಿಲ್ಲವೆಂದರೆ ಅನ್ಯಾಯವಾದೀತು. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಶಿಕ್ಷಣ ಇಲಾಖೆಯೊಂದಿಗೆ ಸೇರಿ ಕಳೆದ ದಶಕದಲ್ಲಿ ಪ್ರೌಢಶಾಲಾ ಶಿಕ್ಷಕರಿಗೆ ಮುಕ್ತ ತಂತ್ರಾಂಶಗಳ ತರಬೇತಿ ನೀಡಿತು. ಅಲ್ಲಿಂದಲೇ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವೂ ಬೆಳೆಯಿತು. ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ಮುಕ್ತ ತಂತ್ರಾಂಶ ಚಳವಳಿಯ ತರುಣರು ಹಳೆಯ ಗಣಕಗಳನ್ನಿಟ್ಟು, ಅಂಬೇಡ್ಕರ್ ಹೆಸರಿನ ಕಲಿಕಾ ಕೇಂದ್ರವೊಂದನ್ನು ಕಟ್ಟಿ ಅಲ್ಲಿನ ಮಕ್ಕಳಿಗೆ ಕಲಿಸಿದರು. ಆದರೆ ಇವೆಲ್ಲ ಬಿಡಿ ಬಿಡಿ ಹಣತೆಗಳು. ಸರ್ಕಾರ ತನ್ನ ಕೆಲಸದ ಕ್ರಮವಾಗಿ ಇದನ್ನು ಒಪ್ಪಿಕೊಳ್ಳಲಿಲ್ಲ. ಜಗತ್ತಿಗೆ ತಂತ್ರಾಂಶ ಬರೆದುಕೊಡುವ ನಗರದ ವಿಧಾನಸೌಧ ತನ್ನ ಪತ್ರಗಳಿಗೆ ಬಾಡಿಗೆ ಕಟ್ಟುತ್ತಿರುವುದು ವಿಪರ್ಯಾಸವೇ ಸರಿ.

ಸ್ವದೇಶಿ ಮತ್ತು ಮುಕ್ತ

ಈಚೆಗೆ ಇನ್ನೊಂದು ಉತ್ತರ ಮುಂದೆ ಬಂದಿದೆ: ವಿದೇಶಿ ಕಂಪೆನಿ ಬೇಡವೆಂದರೆ ಸ್ವದೇಶಿ ಕಂಪೆನಿ ಇದೆಯಲ್ಲ? 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ತನ್ನ ಅಧಿಕಾರಿಗಳಿಗೆ ಜೋಹೊ ಸಂಸ್ಥೆಯ ಆಫೀಸ್ ತಂತ್ರಾಂಶ ಬಳಸಲು ಸೂಚಿಸಿತು. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇ-ಮೇಲ್ ಅದೇ ಸಂಸ್ಥೆಯ ವ್ಯವಸ್ಥೆಗೆ ಹೋಗಿದೆಯೆಂದು ವರದಿಯಾಯಿತು. ತಮಿಳುನಾಡಿನ ಹಳ್ಳಿಗಳಲ್ಲಿ ಕಚೇರಿ ತೆರೆದು ಕೆಲಸ ಕೊಟ್ಟ ಆ ಸಂಸ್ಥೆಯ ಸಾಧನೆ ಮೆಚ್ಚುವಂಥದು. ನಮ್ಮ ಕಾನೂನಿನ ಕೈಗೆ ಸಿಗುವ ಕಂಪೆನಿ ಎಂಬುದೂ ಸಣ್ಣ ಲಾಭವಲ್ಲ. ನಯಾರಾ ಪ್ರಸಂಗದ ನಂತರ ಈ ಎಚ್ಚರ ಅರ್ಥವಾಗುವಂಥದೇ.

ಆದರೆ ಸ್ವದೇಶಿ ಬೇರೆ, ಮುಕ್ತ ಬೇರೆ. ಆ ತಂತ್ರಾಂಶದ ಮೂಲ ಸಂಕೇತ ತೆರೆದಿಲ್ಲ. ಕಡತಗಳಿರುವುದು ಅವರ ಯಂತ್ರಗಳಲ್ಲಿ. ಇಂದಿನ ಆಡಳಿತ ಮಂಡಳಿ ಸಜ್ಜನರದಾಗಿರಬಹುದು. ನಾಳೆ ಕಂಪೆನಿ ಕೈಬದಲಾದರೆ? ಸನ್ ಸಂಸ್ಥೆಯನ್ನು ಒರಾಕಲ್ ನುಂಗಿದಾಗ ಓಪನ್ ಆಫೀಸಿನ ಬಳಗಕ್ಕೆ ಹೊರನಡೆಯುವ ದಾರಿಯಿತ್ತು. ಇಲ್ಲಿ ಆ ದಾರಿ ಇಲ್ಲ. ಪರದೇಶದ ಮಾಲೀಕನ ಬದಲು ಪಕ್ಕದ ಬೀದಿಯ ಮಾಲೀಕ ಸಿಕ್ಕರೆ ಮಾತುಕತೆ ಸುಲಭವಾದೀತು. ಆದರೂ ನಾವು ಬಾಡಿಗೆದಾರರೇ. ಕನಿಷ್ಠ ಪಕ್ಷ ಕಡತಗಳನ್ನು ಮುಕ್ತ ವಿನ್ಯಾಸದಲ್ಲಿಯೇ ಇಡಬೇಕು, ಕೇಳಿದಾಗ ಇಡಿಯಾಗಿ ಹಿಂದಿರುಗಿಸಬೇಕು ಎಂಬ ಕರಾರಾದರೂ ಇರಬೇಡವೇ?

ಎಲ್ಲಿಂದ ಆರಂಭ?

ಕಷ್ಟಗಳನ್ನು ಮುಚ್ಚಿಡುವುದು ಮುಕ್ತ ತಂತ್ರಾಂಶಕ್ಕೆ ಮಾಡುವ ಅಪಕಾರ. ನನ್ನ ಬರವಣಿಗೆಯ ಕೆಲಸಕ್ಕೆ ಲಿಬ್ರೆ ಆಫೀಸ್ ಸಾಕು, ಬೇಕಾದಷ್ಟಾಯಿತು. ಆದರೆ ವರ್ಡ್‌ನಲ್ಲಿ ಸಿದ್ಧವಾದ, ಕೋಷ್ಟಕಗಳು ತುಂಬಿದ ಅರ್ಜಿ ನಮೂನೆ ಬಂದರೆ ಸಾಲುಗಳು ಕದಲುತ್ತವೆ, ಒಂದು ಪುಟ ಎರಡಾಗುತ್ತದೆ. ಇಬ್ಬರು ಸಂಪಾದಕರು ಬೇರೆ ಬೇರೆ ತಂತ್ರಾಂಶದಲ್ಲಿ ಒಂದೇ ಕರಡನ್ನು ತಿದ್ದಿದರೆ ಗೊಂದಲ ತಪ್ಪದು. ಎಕ್ಸೆಲ್‌ನಲ್ಲಿ ಮ್ಯಾಕ್ರೊಗಳನ್ನು ಬರೆದು ವರ್ಷಗಟ್ಟಲೆ ಲೆಕ್ಕ ಕಟ್ಟಿದ ಲೆಕ್ಕಪರಿಶೋಧಕರಿಗೆ ‘ಬದಲಾಯಿಸಿ’ ಎಂದು ಹೇಳುವ ಮೊದಲು ಹತ್ತು ಬಾರಿ ಯೋಚಿಸಬೇಕು. ಅಂಥ ಮೇಜುಗಳನ್ನು ಕೊನೆಗೆ ಉಳಿಸಿಕೊಳ್ಳುವುದೇ ಜಾಣತನ. ತೆರಿಗೆ ಇಲಾಖೆಯನ್ನು ಮೊದಲ ಸುತ್ತಿನಲ್ಲಿ ಶ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರತ್ಯೇಕವಾಗಿ ಎಣಿಸಿದ್ದನ್ನು ಇಲ್ಲಿ ನೆನೆಯಬೇಕು.

ಆದರೆ ನಮ್ಮಲ್ಲಿ ಬಹುಪಾಲು ಜನ ಮಾಡುವುದೇನು? ಪತ್ರ, ಪಟ್ಟಿ, ಹಾಜರಿ, ಸರಳ ಲೆಕ್ಕ. ಇಷ್ಟಕ್ಕೆ ಮುಕ್ತ ತಂತ್ರಾಂಶ ಯಾವ ಬಗೆಯಲ್ಲೂ ಕಡಿಮೆಯಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೂ, ಆಫೀಸ್ 2016 ಮತ್ತು 2019ಕ್ಕೂ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಒಂದೇ ದಿನ ಕೊನೆಗೊಂಡಿತು. ಚೆನ್ನಾಗಿಯೇ ನಡೆಯುತ್ತಿರುವ ಎಷ್ಟೋ ಗಣಕಗಳು ಹೊಸ ವಿಂಡೋಸ್‌ಗೆ ಅರ್ಹವಲ್ಲ. ಸರ್ಕಾರಿ ಶಾಲೆ, ಗ್ರಂಥಾಲಯಗಳ ಇಂಥ ಯಂತ್ರಗಳನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸ್ ಹಾಕಿ ನೋಡಲು ಇದು ತಕ್ಕ ಸಮಯ.

ಸರ್ಕಾರ ಮಾಡಬೇಕಾದ ಮೊದಲ ಕೆಲಸಕ್ಕೆ ಹೊಸ ತಂತ್ರಾಂಶವೇ ಬೇಡ. ಸಾರ್ವಜನಿಕರಿಗೆ ಕೊಡುವ ಪ್ರತಿಯೊಂದು ಕನ್ನಡ ಕಡತವೂ ಯೂನಿಕೋಡ್‌ನಲ್ಲಿ, ಮುಕ್ತ ವಿನ್ಯಾಸದಲ್ಲಿ ಇರಬೇಕೆಂದು ವಿಧಿಸಿ, ಅದನ್ನು ಪಾಲಿಸದ ಕಡತವನ್ನು ಸ್ವೀಕರಿಸದಿರುವುದು. ಎರಡನೆಯದು, ಹಳೆಯ ಫಾಂಟುಗಳಲ್ಲಿ ಸಿಕ್ಕಿಬಿದ್ದಿರುವ ದಾಖಲೆಗಳನ್ನು, ಅವನ್ನು ಓದಬಲ್ಲ ಯಂತ್ರಗಳೂ ಮನುಷ್ಯರೂ ಇರುವಾಗಲೇ, ಪರಿವರ್ತಿಸುವುದು. ಮೂರನೆಯದು, ಒಂದು ಇಲಾಖೆಯನ್ನು ಆರಿಸಿಕೊಂಡು, ನೌಕರರಿಗೆ ಕೆಲಸದ ವೇಳೆಯಲ್ಲಿಯೇ ತರಬೇತಿ ಕೊಟ್ಟು, ಐದು ವರ್ಷ ಬದಲಿಸದೆ ನಡೆಸುವುದು. ಹೀಗೆ ಉಳಿದ ಪರವಾನಗಿಯ ಹಣದಲ್ಲಿ ಒಂದು ಪಾಲನ್ನು ಆ ತಂತ್ರಾಂಶಗಳ ಕನ್ನಡ ರೂಪವನ್ನು ತಿದ್ದಿ ಬೆಳೆಸುವವರಿಗೆ ಕೊಡಬೇಕು. ಲಿಬ್ರೆ ಆಫೀಸ್ ಕನ್ನಡದಲ್ಲೂ ಲಭ್ಯವಿದೆ. ಅದನ್ನು ಬಹುಪಾಲು ಬೆಳೆಸಿದವರು ಸಂಬಳವಿಲ್ಲದ ಸ್ವಯಂಸೇವಕರು. ಮುಕ್ತವೆಂದರೆ ಯಾರೂ ದುಡಿಯದೆ ಬಂದದ್ದಲ್ಲ. ಆ ದುಡಿಮೆಗೆ ಹಣ ತೆತ್ತರೆ ಅದು ನಮ್ಮ ತರುಣರ ಕೈಸೇರುತ್ತದೆ. ಆದ ತಿದ್ದುಪಡಿ ಎಲ್ಲ ಕನ್ನಡಿಗರ ಸ್ವತ್ತಾಗುತ್ತದೆ.

ತಾಳೆಗರಿಯಲ್ಲಿ ಬರೆದದ್ದನ್ನು ಓದಲು ಯಾರ ಪರವಾನಗಿಯೂ ಬೇಕಿರಲಿಲ್ಲ; ಗೆದ್ದಲಿನಿಂದ ಕಾಪಾಡಿಕೊಂಡರೆ ಸಾಕಿತ್ತು. ಕಲ್ಲಿನ ಶಾಸನ ಸಾವಿರ ವರ್ಷ ದಾಟಿ ನಮ್ಮವರೆಗೆ ಬಂತು. ಇಪ್ಪತ್ತು ವರ್ಷದ ಹಿಂದೆ ನಾವೇ ಬೆರಳಚ್ಚು ಮಾಡಿದ ಕನ್ನಡ ಇಂದು ನಮಗೇ ಓದಲು ಬಾರದಿದ್ದರೆ ಅದಕ್ಕೆ ಕಾಲವನ್ನು ದೂರಿ ಫಲವಿಲ್ಲ. ಮುಂದಿನ ಇಪ್ಪತ್ತು ವರ್ಷದ ಕನ್ನಡವನ್ನು ಯಾವ ಪೆಟ್ಟಿಗೆಯಲ್ಲಿಡುತ್ತೇವೆ, ಅದರ ಕೀಲಿಕೈಯನ್ನು ಯಾರ ಕೈಗೆ ಕೊಡುತ್ತೇವೆ ಎಂಬುದನ್ನು ನಿರ್ಧರಿಸುವ ಅಧಿಕಾರ ಈ ಹೊತ್ತಿಗೆ ಇನ್ನೂ ನಮ್ಮಲ್ಲಿಯೇ ಇದೆ.